ಚೀಲದ ಚೌಕಟ್ಟು ಕಂಡ ಮದುವೆಯ ಕೇಕು

ನಾನು ಒಂದು ಕಬ್ಬಿಣದ ಚೌಕಟ್ಟು. ಅಗ್ಗದ ವಿಮಾನ ಹತ್ತುವವರ ಕೈಚೀಲ ಅಳೆಯುವುದಕ್ಕೆಂದೇ ಹುಟ್ಟಿದವನು. ನನಗೆ ಬೆಸುಗೆ ಹಾಕಿದವನು ಮೊದಲು ತನ್ನ ಊಟದ ಚೀಲವನ್ನೇ ನನ್ನೊಳಗೆ ತುರುಕಿ ನೋಡಿದ. ಅದರಲ್ಲಿ ಏನಿತ್ತೋ, ಇವತ್ತಿಗೂ ತಿಳಿಯದು. ಅಂದು ಹತ್ತಿದ ಕುತೂಹಲ ಇನ್ನೂ ನನ್ನನ್ನು ಬಿಟ್ಟಿಲ್ಲ.

ಲಿಥುವೇನಿಯಾ ದೇಶದ ಒಂದು ಸಣ್ಣ ಊರಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು ನಿಲ್ಲಿಸಿದರು. ಮೊದಲೆಲ್ಲ ಅಲ್ಲಿಂದ ಐರ್ಲೆಂಡಿಗೆ ದುಡಿಯಲು ಹೋದವರು ದಿನಗಟ್ಟಲೆ ಬಸ್ಸಿನಲ್ಲಿ ಕೂತು, ವರ್ಷಕ್ಕೊಮ್ಮೆ ಮನೆಯ ಮುಖ ನೋಡುತ್ತಿದ್ದರಂತೆ. ಅಗ್ಗದ ವಿಮಾನ ಬಂದ ಮೇಲೆ ಅಜ್ಜಿಯರು ಕೂಡ ಪಕ್ಕದ ಬೀದಿಗೆ ಹೋಗುವ ಹಾಗೆ ಹೊರಟರು. ಷರತ್ತು ಒಂದೇ, ಚೀಲ ನನ್ನೊಳಗೆ ಕೂರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಆ ಹಾಸಿಗೆ ನಾನೇ. ಒಬ್ಬ ಮಹಾಶಯ ಚೀಲದಲ್ಲಿದ್ದ ಸ್ವೆಟರುಗಳನ್ನೆಲ್ಲ ಮೈಮೇಲೆ ಹೇರಿಕೊಂಡು ಬೆವರುತ್ತಾ ವಿಮಾನ ಹತ್ತಿದ. ನನಗೆ ಕಾಣುವುದು ಜನರ ಮೊಣಕಾಲು, ಚೀಲಗಳ ಹೊಟ್ಟೆ. ಒಳಗಿನದು ಮಾತ್ರ ಕಾಣದು.

ಒಂದು ಬೆಳಿಗ್ಗೆ ಬೇಕರಿಯ ಬಿರೂತೆ ಬಂದಳು. ಮರುದಿನ ಡಬ್ಲಿನ್‌ನಲ್ಲಿ ಅವಳ ಮಗಳು ಮಿಲ್ದಾಳ ಮದುವೆ. ಬಿರೂತೆಯ ತೋಳಿನಲ್ಲಿ ಎತ್ತರದ ಕೇಕು, ಅದರ ಸುತ್ತಲೂ ಮುಳ್ಳುಹಂದಿಗಿದ್ದ ಹಾಗೆ ಮುಳ್ಳು. ಬೆಂಕಿಯ ಮುಂದೆ ಕೋಲು ತಿರುಗಿಸುತ್ತಾ, ಅದರ ಮೇಲೆ ಹಿಟ್ಟು ಹೊಯ್ದು, ತೊಟ್ಟಿಕ್ಕುವ ಹಿಟ್ಟೇ ಬೆಂದು ಮುಳ್ಳಾಗುವ ಹಾಗೆ ಮಾಡುವ ಈ ಕೇಕು ಇಲ್ಲದಿದ್ದರೆ ಅವರಲ್ಲಿ ಮದುವೆಗೆ ಕಳೆಯೇ ಇಲ್ಲ. ಅಂತೂ ಚೀಲದೊಳಗೆ ಅಡಗದ ಒಂದು ವಸ್ತು ನನ್ನೆದುರಿಗೆ ಬಂತು. ಆದರೆ ಅದು ನನ್ನೊಳಗೆ ಕೂರಲಿಲ್ಲ.

"ಆಗಲ್ಲ ಅಮ್ಮಾ," ಎಂದಳು ಗೇಟಿನಲ್ಲಿ ಕೆಲಸಕ್ಕಿದ್ದ ಲೈಮಾ. "ಲಗೇಜಿಗೆ ಹಾಕಿಬಿಡಿ."

"ಅಲ್ಲಿ ಹಾಕಿದ್ರೆ ಪುಡಿಪುಡಿ ಆಗುತ್ತೆ ಕಣಮ್ಮ. ಮಗಳ ಮದುವೆಗೆ ಪುಡಿ ತಗೊಂಡು ಹೋಗ್ಲಾ?"

ನಾನು ಇನ್ನೊಂದು ಗೇಣು ಅಗಲವಾಗಿ ಹುಟ್ಟಬಾರದಿತ್ತೇ ಎಂದು ಅವತ್ತು ನನಗೆ ಸಂಕಟವಾಯಿತು. ಬಿರೂತೆ ಕೇಕನ್ನು ಸುತ್ತ ತಿರುಗಿಸಿ ನೋಡಿದಳು. ಆಮೇಲೆ ಒಂದು ಬದಿಯ ಮುಳ್ಳುಗಳನ್ನು ಪಟಪಟನೆ ಮುರಿದು, ಮೊದಲನೆಯದನ್ನು ಲೈಮಾಳಿಗೆ ಕೊಟ್ಟು, ಉಳಿದದ್ದನ್ನು ಸಾಲಿನಲ್ಲಿದ್ದವರಿಗೆ ಹಂಚಿದಳು.

"ತಿನ್ನಿ, ನನ್ನ ಮಗಳ ಮದುವೆ. ಬೋಳು ಬದೀನ ಗೋಡೆ ಕಡೆ ತಿರುಗಿಸಿ ಇಡ್ತೀನಿ."

ಕೇಕು ಕೂತಿತು. ನನ್ನ ತಳದಲ್ಲಿ ಒಂದಿಷ್ಟು ಚೂರು ಉಳಿಯಿತು.

ಕೆಲವು ವರ್ಷ ಕಳೆದ ಮೇಲೆ, ಆ ಊರಿನಿಂದ ಗಿಟ್ಟುವುದಿಲ್ಲವೆಂದು ಕಂಪನಿ ವಿಮಾನ ನಿಲ್ಲಿಸಿತು. ಕೆಲಸ ಕಳೆದುಕೊಂಡ ಲೈಮಾ ಬಿರೂತೆಯ ಬೇಕರಿ ಸೇರಿದಳು. ಗುಜರಿಗೆ ಹೊರಟಿದ್ದ ನನ್ನನ್ನೂ ಕೇಳಿ ತಂದಳು. ದೂರದ ಪಟ್ಟಣಕ್ಕೆ ಹೋಗಿ ವಿಮಾನ ಹತ್ತುವವರಿಗಾಗಿ ಇಲ್ಲಿ ನನ್ನ ಅಳತೆಗೆ ಸಪೂರ ಕೇಕು ಮಾಡುತ್ತಾರೆ. ಅಜ್ಜಿಯರ ಕಾಲದ ಕೇಕನ್ನೂ ನಾನು ಸೊರಗಿಸಿಬಿಟ್ಟೆನಲ್ಲ ಎಂದು ನನಗೇ ಅಚ್ಚರಿ.

ಈಗ ಮೈಯೆಲ್ಲ ತುಕ್ಕು. ನಿನ್ನೆ ಲೈಮಾ ರೂಢಿಯಂತೆ ಹೊಸ ಕೇಕನ್ನು ನನ್ನ ಬಳಿ ತಂದಳು.

"ಅದನ್ನ ಅಳೀಬೇಡ ಕಣೇ," ಎಂದಳು ಬಿರೂತೆ. "ಮಿಲ್ದಾ ಮಗೂನ ಕರ್ಕೊಂಡು ಇಲ್ಲಿಗೇ ಬರ್ತಿದ್ದಾಳೆ. ಪಟ್ಟಣದಲ್ಲಿ ವಿಮಾನ ಇಳಿದು, ಬಸ್ಸು ಹಿಡಿದು."

ಕೇಕನ್ನು ಕೋಣೆಯ ನಟ್ಟನಡುವೆ, ಮೇಜಿನ ಮೇಲೆ ಇಟ್ಟರು. ನಾನು ಮೂಲೆಯಿಂದ ಅದನ್ನೇ ನೋಡುತ್ತಿದ್ದೇನೆ. ಗೋಡೆಯ ಕಡೆ ತಿರುಗಿಸಬೇಕಾದ ಬೋಳು ಬದಿಯೇ ಅದಕ್ಕಿಲ್ಲ.