ಕಳೆ ಕಿತ್ತ ಮಧ್ಯಾಹ್ನ

ಕೊನೆಯ ಗಿಡವನ್ನು ಬುಡಸಮೇತ ಕಿತ್ತಾಗ ಅದರ ಕಾಂಡಕ್ಕೆ ಕಟ್ಟಿದ್ದ ಕೆಂಪು ದಾರ ಟೈಲರ್‌ನ ಬೆರಳಿಗೆ ತೊಡರಿತು. ಅವನದೇ ಅಂಗಡಿಯ ದಾರ, ತಾನು ಬೆಳೆಸಿದ ಗಿಡಗಳ ಗುರುತಿಗೆಂದು ಹೆಂಡತಿ ಹಾಕಿದ ಗಂಟು. ಪಕ್ಕದ ರಾಶಿಯನ್ನು ಕೆದಕಿದರೆ ಮಣ್ಣಿನ ನಡುವೆ ಇನ್ನೊಂದು ದಾರ, ಮತ್ತೊಂದು.

ತಂಗಿಯ ಹೆರಿಗೆಗೆಂದು ಹೋಗಿದ್ದ ಹೆಂಡತಿ ಸಂಜೆಯ ಬಸ್ಸಿಗೆ ಬರುವವಳಿದ್ದಳು. ಅಷ್ಟರೊಳಗೆ ಅಂಗಳ ಚೊಕ್ಕಟ ಮಾಡಿ ಖುಷಿಪಡಿಸೋಣವೆಂದು ಈ ಮಹಾರಾಯ ಊಟ ಮುಗಿಸಿದವನೇ ಕುಕ್ಕರುಗಾಲಲ್ಲಿ ಕೂತಿದ್ದ. ಬಿಸಿಲಿಗೆ ಮಂಪರು ಹತ್ತಿತ್ತು. ಬಿಳಿ ಚಿಟ್ಟೆಗಳು ಕಿವಿಯ ಬಳಿಯೇ ಸುಳಿಯುತ್ತಿದ್ದವು. ಹಳೇ ಹೊಲಿಗೆ ಬಿಚ್ಚುವಾಗಿನಂತೆ ಕೈ ತನ್ನಷ್ಟಕ್ಕೆ ಓಡಿತ್ತು.

ತಾಯಿ ತೀರಿಕೊಂಡ ಮೇಲೆ ಅವಳು ವರ್ಷವಿಡೀ ಗೋಡೆ ನೋಡುತ್ತ ಕೂತಿದ್ದಳು. ಮತ್ತೆ ಮಾತಿಗೆ ಎಳೆದದ್ದು ಈ ಅಂಗಳ. ಹುಲ್ಲುಹಾಸು ಅಗೆದು ತೆಗೆದು, ಈ ನೆಲದ್ದೇ ಕಾಡುಗಿಡಗಳನ್ನು ಬೆಳೆಸುವುದನ್ನು ನರ್ಸರಿಯ ಅಜ್ಜಿಯಿಂದ ಕಲಿತಳು. ರಸ್ತೆಬದಿಯಲ್ಲಿ ಬೀಜ ಆಯ್ದು ತಂದಳು. ಮೊದಲ ಎಲೆ ಬಂದ ದಿನ ಅಂಗಡಿಯವರೆಗೂ ಓಡಿ ಬಂದಿದ್ದಳು. ಈಗ ಮತ್ತೆ ಆ ಗೋಡೆಯೆದುರು ಕೂತುಬಿಟ್ಟರೆ? ಅವನಿಗೆ ನಿಜಕ್ಕೂ ಭಯವಾಯಿತು.

ನರ್ಸರಿಗೆ ಓಡಿದ.

"ಏನಪ್ಪಾ, ಪೂರ್ತಿ ಬೋಳಿಸಿಬಿಟ್ಯಾ?" ಅಜ್ಜಿ ತಲೆ ಚಚ್ಚಿಕೊಂಡಳು. "ಒದ್ದೆ ಬಟ್ಟೇಲಿ ಸುತ್ತಿಡು. ಅರ್ಧ ಎಲೆ ಕತ್ತರಿಸು. ಬಿಸಿಲು ಇಳಿದ ಮೇಲೆ ನೆಡು."

"ದಾರ ಎಷ್ಟೋ ಕಳಚಿಬಿದ್ದಿವೆ. ಯಾವುದು ಗಿಡ, ಯಾವುದು ಕಳೆ ಅಂತ ಹೇಗೆ ತಿಳಿಯೋದು?"

"ನನ್ನ ಕೇಳ್ತೀಯಲ್ಲ! ಕಿತ್ತೋನು ನೀನು."

ಸರಿ, ಎಲ್ಲವನ್ನೂ ನೆಟ್ಟ. ಅಳತೆ ಪಟ್ಟಿ ಹಿಡಿದು, ಗೇಣಿಗೊಂದರಂತೆ, ಒಂದಿಷ್ಟೂ ಸೊಟ್ಟಗಾಗದ ಸಾಲಿನಲ್ಲಿ. ಬಿಸಿಲು ಹಳದಿಗೆ ತಿರುಗಿ ಅಂಗಳವೆಲ್ಲ ನೀರಿನಡಿ ಇದ್ದಂತೆ ಕಂಡಿತು. ಸಮಯ ಎಷ್ಟಾಯಿತೆಂಬುದೇ ಮರೆತುಹೋಯಿತು.

"ಇದೇನ್ರೀ ಇದು? ಗಿಡಗಳು ಡ್ರಿಲ್‌ಗೆ ನಿಂತ ಹಾಗಿವೆ!"

ಗೇಟಿನ ಬಳಿ ಅವಳು ನಿಂತಿದ್ದಳು. ಅವನು ತಲೆಯೆತ್ತಲಿಲ್ಲ.

"ಕಳೆ ಅಂದ್ಕೊಂಡು ಎಲ್ಲಾ ಕಿತ್ತುಬಿಟ್ಟೆ ಕಣೇ. ತಿರುಗಿ ನೆಟ್ಟಿದ್ದೀನಿ. ಬೈಯೋದಾದ್ರೆ ಬೈದುಬಿಡು. ಸುಮ್ಮನೆ ಮಾತ್ರ ಇರಬೇಡ."

ಅವಳು ಬ್ಯಾಗು ಇಳಿಸಿ ಸಾಲಿನುದ್ದಕ್ಕೂ ಬಗ್ಗಿ ನೋಡುತ್ತ ನಡೆದಳು. ಜೋತುಬಿದ್ದ ಒಂದು ಕುಡಿಯನ್ನು ಬೆರಳಿನಿಂದ ಎತ್ತಿದಾಗ ಕಣ್ಣು ತುಂಬಿತು. ಬಾಯಿ ಮಾತ್ರ ತೆರೆಯಲಿಲ್ಲ. ಅವನು ಮಣ್ಣು ಮೆತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸುತ್ತ, ಮತ್ತೆ ಒರೆಸುತ್ತ ನಿಂತ. ಸಾಲಿನ ನಡುವೆ ಅವಳು ತಟ್ಟನೆ ನಿಂತಳು.

"ರೀ, ಇದು ನಿಜವಾಗ್ಲೂ ಕಳೆ. ದನಾನೂ ಮೂಸಲ್ಲ ಇದನ್ನ."

"ಹೌದಾ?" ಅವನ ಮುಖ ಇಳಿಯಿತು. "ಬೇರು ದಪ್ಪಗಿತ್ತು. ಪಾಪ ಅಂತ ಅದಕ್ಕೇ ಎಲ್ಲಕ್ಕಿಂತ ಆಳ ಗುಂಡಿ ತೋಡಿದ್ದೆ."

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, "ಕೊಡಿ ಇಲ್ಲಿ" ಎಂದು ಬಕೆಟ್ಟು, ಚೊಂಬು ತೆಗೆದುಕೊಂಡಳು. ಮೊದಲ ಗಿಡದಿಂದ ನೀರು ಹನಿಸುತ್ತ ಬಂದಳು. ಆ ಕಳೆಯ ಬಳಿ ಒಂದು ಗಳಿಗೆ ತಡೆದಳು. ಅದರ ಬುಡಕ್ಕೂ ಒಂದು ಚೊಂಬು ಸುರಿದು ಮುಂದಿನದಕ್ಕೆ ಸರಿದಳು.