ಹದಿನೇಳನೆಯ ಪುಟದ ಕೇಕು

ಡೆನ್ಮಾರ್ಕಿನ ಹಳ್ಳಿ ವೆಸ್ಟರ್‌ಹೇಡೆಯ ಗಾಳಿ ಎಂದರೆ ಸಾಮಾನ್ಯದ್ದಲ್ಲ. ಒಮ್ಮೆ ಅದು ಒಂದು ಹಸುವನ್ನು ಎತ್ತಿಕೊಂಡು ಹೋಗಿ ಜರ್ಮನಿಯ ಗಡಿಯಾಚೆ ಇಳಿಸಿತ್ತು. ಮರಳಿ ಬಂದ ಹಸು ಮೂರು ತಿಂಗಳು ಜರ್ಮನ್ ಭಾಷೆಯಲ್ಲೇ ಅಂಬಾ ಅನ್ನುತ್ತಿತ್ತು. ನಂಬದವರು ಹೋಗಿ ಹಸುವನ್ನೇ ಕೇಳಿಕೊಳ್ಳಬಹುದು. ಆದರೆ ಆ ಭಾನುವಾರ ಮಧ್ಯಾಹ್ನ ಊರಿನ ಸಮುದಾಯ ಭವನದ ಅಡುಗೆಮನೆಯಲ್ಲಿ ತೂರಾ ಬ್ರಾಂಟ್‌ಳ ಎದೆ ಬಡಿದುಕೊಂಡ ಸದ್ದಿಗೆ ಆ ಗಾಳಿಯೂ ಒಂದು ಗಳಿಗೆ ನಿಂತು ಕಿವಿಗೊಟ್ಟಿತು.

ತೂರಾ ಕೋಪನ್‌ಹೇಗನ್ನಿನ ಸಮಾಜಶಾಸ್ತ್ರ ಸಂಶೋಧಕಿ. ಎರಡು ವರ್ಷಗಳಿಂದ ಈ ಊರಿಗೆ ಬಂದು ಹೋಗಿ ಮಾಡುತ್ತಿದ್ದಳು. ಮುಚ್ಚಿಹೋಗಿದ್ದ ಶಾಲೆಯಲ್ಲಿ ಹನ್ನೆರಡು ನಿರಾಶ್ರಿತ ಕುಟುಂಬಗಳನ್ನು ಇರಿಸಲು ಪುರಸಭೆ ಹೊರಟಾಗ, ಬೇಡವೆಂದು ಒಬ್ಬನ ಹೊರತು ಇಡೀ ಊರು ಒಂದೇ ವಾರದಲ್ಲಿ ಸಹಿ ಹಾಕಿ ಕೊಟ್ಟಿತ್ತು; ಪುರಸಭೆ ಯೋಜನೆ ಕೈಬಿಟ್ಟಿತ್ತು. ಒಂದು ಊರು ಹೀಗೆ ಒಂದೇ ಬಾಯಲ್ಲಿ ಮಾತಾಡುವುದು ಹೇಗೆ? ಅದನ್ನು ತಿಳಿಯಲು ಅವಳು ಅರವತ್ತಮೂರು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತಾಡಿಸಿದ್ದಳು. ಹಂದಿ ದೊಡ್ಡಿಯಲ್ಲಿ, ಟ್ರ್ಯಾಕ್ಟರಿನ ಮೇಲೆ, ಒಬ್ಬಾತನನ್ನಂತೂ ದಂತವೈದ್ಯರ ಕುರ್ಚಿಯಲ್ಲಿ. ವರದಿ ಈಗ ಅಚ್ಚಾಗಿತ್ತು. ಪತ್ರಿಕೆಯವರಿಗಿಂತ ಮೊದಲು ಊರಿಗೇ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದಳು. ಅದಕ್ಕೇ ಇವತ್ತು ಮೂರು ಗಂಟೆಗೆ ಕಾಫಿ ಕೂಟ.

ಕಾಫಿ ಕೂಟದ ಯಜಮಾನಿ ಗುನ್‌ಹಿಲ್ ಉದ್ದನೆಯ ಮೇಜಿನ ಮೇಲೆ ಕೇಕುಗಳನ್ನು ಜೋಡಿಸುತ್ತಿದ್ದಳು. ಮೆತ್ತನೆಯವು ಏಳು, ಗರಿಗರಿಯಾದವು ಏಳು. ಅದು ಆ ಸೀಮೆಯ ಲೆಕ್ಕ. ಒಂದು ಕಡಿಮೆಯಾದರೆ ಚರ್ಚಿನ ಗೋಪುರವೇ ವಾಲುತ್ತದೆ.

"ನಿಂತ್ಕೊಂಡು ಏನ್ ನೋಡ್ತೀಯಾ ತೂರಾ? ಹದಿನಾಲ್ಕನ್ನೂ ತಿನ್ಬೇಕು ಇವತ್ತು. ಒಂದು ಬಿಟ್ರೂ ಅದನ್ನ ಮಾಡ್ದೋಳು ಮೂರು ವರ್ಷ ನಿನ್ನ ಮುಖ ನೋಡಲ್ಲ."

"ಯಾವುದು ಯಾರು ಮಾಡಿದ್ದು ಅಂತ ಹೇಗೆ ಗೊತ್ತಾಗತ್ತೆ?"

ಗುನ್‌ಹಿಲ್ ನಕ್ಕ ರಭಸಕ್ಕೆ ಹದಿನಾಲ್ಕು ತಟ್ಟೆಗಳೂ ಗಲಗಲ ಎಂದವು. "ಹೇಗೆ ಅಂದ್ರೆ? ಇದು ಬಾದಾಮಿ ಬಿಸ್ಕತ್ತು, ನಂದು. ಇದು ಸೇಬಿನ ಕೇಕು, ಹೆಂಡ್ತಿ ಹೋದ್ಮೇಲೆ ಏಸ್ಕಿಲ್ ತಾನೇ ಮಾಡ್ತಾನೆ, ಹಲ್ಲು ಜೋಪಾನ. ಇದು ಕಪ್ಪು ರೊಟ್ಟಿ ಕೇಕು, ಬೋಡಿಲ್‌ದು. ನಲವತ್ತು ವರ್ಷ ಆಯ್ತು, ಇನ್ನೊಬ್ಳು ಅದಕ್ಕೆ ಕೈ ಹಾಕೋ ಧೈರ್ಯ ಮಾಡಿಲ್ಲ. ಒಬ್ಬೊಬ್ರಿಗೆ ಒಂದೊಂದು ಕೇಕು. ಹೆಸರು ಬೇಕಾದ್ರೆ ಮರೀತೀವಿ ಮಾರಾಯ್ತಿ, ಕೇಕ್ ಮರಿಯಲ್ಲ."

ತೂರಾ ಥಟ್ಟನೆ ವರದಿಯ ಪೆಟ್ಟಿಗೆಯತ್ತ ತಿರುಗಿದಳು.

ವರದಿಯಲ್ಲಿ ಅವಳು ಎಲ್ಲರನ್ನೂ ಮರೆಮಾಡಿದ್ದಳು. ಬೋಡಿಲ್ ಎಂಬ ಎಪ್ಪತ್ತೊಂದರ ವಿಧವೆಯನ್ನು ಕಾರ್ಲಾ ಎಂದು ಕರೆದಿದ್ದಳು. ವಯಸ್ಸಿನಲ್ಲಿ ಆರು ವರ್ಷ ಕಳೆದಿದ್ದಳು, ಅಂಚೆ ಕಚೇರಿಯ ಕೆಲಸವನ್ನು ಗ್ರಂಥಾಲಯಕ್ಕೆ ವರ್ಗ ಮಾಡಿದ್ದಳು, ನಾಯಿಯನ್ನು ಬೆಕ್ಕು ಮಾಡಿದ್ದಳು, ಮನೆಯನ್ನು ಬುಡಸಮೇತ ಕಿತ್ತು ಊರಿನ ಇನ್ನೊಂದು ತುದಿಯಲ್ಲಿ ನೆಟ್ಟಿದ್ದಳು. ಆದರೆ ಹದಿನೇಳನೆಯ ಪುಟದಲ್ಲಿ ಕಾರ್ಲಾ ಹೀಗೆ ಹೇಳುತ್ತಿದ್ದಳು: "ಕಪ್ಪು ರೊಟ್ಟಿಯ ಕೇಕಿಗೆ ಕರಂಟ್ ಹಣ್ಣಿನ ಜಾಮ್ ಸವರುತ್ತಿದ್ದೆ, ಸಹಿ ಕೇಳಲು ಬಂದರು. ಆ ಕುಟುಂಬಗಳು ಬಂದರೆ ನನಗೇನೂ ಬೇಸರವಿರಲಿಲ್ಲ. ಹೆದರಿ ಸಹಿ ಹಾಕಿದೆ."

ಕೋಪನ್‌ಹೇಗನ್ನಿನವಳಿಗೆ ಕೇಕು ಬರೀ ಕೇಕು. ಅದು ಇಲ್ಲಿ ಮುಖವಿದ್ದ ಹಾಗೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಅಚ್ಚಿಗೆ ಮುಂಚೆ ಪ್ರತಿಯೊಬ್ಬರಿಗೂ ಅವರವರ ಮಾತನ್ನು ಅಂಚೆಯಲ್ಲಿ ಕಳಿಸಿ ಒಪ್ಪಿಗೆ ಕೇಳಿದ್ದಳು. ಬೋಡಿಲ್ ಒಂದೇ ಒಂದು ತಿದ್ದುಪಡಿ ಮಾಡಿದ್ದಳು: "ರಾಸ್ಪ್‌ಬೆರಿ ಜಾಮ್ ಅಲ್ಲ, ಕರಂಟ್." ಎಂಥ ಅಚ್ಚುಕಟ್ಟಿನ ಮುದುಕಿ ಎಂದು ತೂರಾ ಆಗ ಮೆಚ್ಚಿಕೊಂಡಿದ್ದಳು.

ಸಹಿ ಹಾಕದೆ ಉಳಿದವನು ಊರಿನಲ್ಲಿ ಒಬ್ಬನೇ, ಹಳೆಯ ಮೇಷ್ಟ್ರು ಆಸ್ಗರ್. ಅವನಿಗೆ ಯಾರೂ ಒಂದು ಬೈಗುಳ ಬೈಯಲಿಲ್ಲ. ಮುಂದಿನ ಕಾಫಿ ಕೂಟದಲ್ಲಿ ಅವನ ಹೆಂಡತಿಯ ನಿಂಬೆ ಕೇಕಿಗೆ ಯಾರೂ ಚಾಕು ಹಾಕಲಿಲ್ಲ, ಅಷ್ಟೇ. ಅದಾದ ಮೇಲಿನದಕ್ಕೂ ಹಾಕಲಿಲ್ಲ. ನಾಲ್ಕು ಸಲ ಕೇಕು ಹೋದ ಹಾಗೇ ಇಡಿಯಾಗಿ ಮನೆಗೆ ಮರಳಿತು. ಐದನೆಯ ಸಲಕ್ಕೆ ಅವರು ಮನೆ ಮಾರಿ ಊರು ಬಿಟ್ಟರು. ಬೋಡಿಲ್‌ಗೆ ಗಂಡನಿಲ್ಲ, ಮಕ್ಕಳಿಲ್ಲ. ಇರುವುದು ಒಂದು ನಾಯಿ, ಈ ಮೇಜು.

ಮೂರಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅರವತ್ತೈದು ಪ್ರತಿಗಳ ಪೆಟ್ಟಿಗೆಯನ್ನು ಹೊತ್ತುಕೊಂಡು ತೂರಾ ಶೌಚಾಲಯ ಹೊಕ್ಕು ಚಿಲಕ ಹಾಕಿದಳು. ಪ್ರತಿಯೊಂದರಿಂದಲೂ ಹದಿನೇಳನೆಯ ಪುಟದ ಹಾಳೆ ಹರಿದಳು. ಆ ವೇಗದಲ್ಲಿ ಕುರಿಯ ಉಣ್ಣೆ ಕತ್ತರಿಸಿದ್ದರೆ ಡೆನ್ಮಾರ್ಕಿನ ಸಮಸ್ತ ಕುರಿಗಳೂ ಅರ್ಧ ಗಂಟೆಯಲ್ಲಿ ಬೆತ್ತಲಾಗುತ್ತಿದ್ದವು. ಅರವತ್ತೈದು ಹಾಳೆಗಳನ್ನು ಕೈಚೀಲಕ್ಕೆ ತುರುಕಿದಳು. ಹಾಳೆಯ ಹಿಂಬದಿಯಲ್ಲಿ, ಅಂದರೆ ಹದಿನೆಂಟನೆಯ ಪುಟದಲ್ಲಿ, ಅವಳ ಎರಡು ವರ್ಷದ ದುಡಿಮೆಯ ಸಾರವೆಲ್ಲ ಇತ್ತು. ಅದೂ ಚೀಲಕ್ಕೆ ಹೋಯಿತು.

ಜನ ಬಂದರು. ಪದ್ಧತಿಯಂತೆ ಮೊದಲು ಎಲ್ಲರೂ ಒಂದು ಹಾಡು ಹಾಡಿದರು. ಆಮೇಲೆ ಕಾಫಿ. ಆ ಕಾಫಿಯ ಘಾಟಿಗೆ ಸತ್ತ ಹಂದಿ ಎದ್ದು ಕೂತು ದಿನಪತ್ರಿಕೆ ಕೇಳುತ್ತದೆ. ತೂರಾ ಒಂದರ ಹಿಂದೆ ಒಂದು ಕೇಕು ನುಂಗುತ್ತಿದ್ದಳು.  ಎದುರಿಗೆ ಬೋಡಿಲ್ ಕೂತಿದ್ದಳು, ಪುಟ್ಟ ದೇಹ, ನೀಲಿ ಸ್ವೆಟರು. ಅವಳ ಕಪ್ಪು ಕೇಕು ಮೇಜಿನ ನಡುವೆ ಇನ್ನೂ ಇಡಿಯಾಗಿತ್ತು. ಅದನ್ನು ಕೊನೆಗೆ ಕತ್ತರಿಸುವುದು ವಾಡಿಕೆ.

ತೂರಾ ಪ್ರತಿಗಳನ್ನು ಹಂಚಿದಳು. ಭವನದ ಅಧ್ಯಕ್ಷ ಏಸ್ಕಿಲ್ ಕನ್ನಡಕ ಏರಿಸಿ ತನ್ನದನ್ನು ತಿರುವಿದ. ಸಹಿ ಹಾಳೆ ಹಿಡಿದು ಮನೆಮನೆ ತಿರುಗಿದವನು ಅವನೇ. ಎರಡು ಸಾವಿರ ಹಂದಿ ಸಾಕಿದ ಗಂಟಲು. ಅವನು ಪಿಸುಗುಟ್ಟಿದರೂ ಪಕ್ಕದೂರಿನ ನಾಯಿ ಬೊಗಳುತ್ತಿತ್ತು.

"ತೂರಾ, ಹದಿನಾರು ಆದ್ಮೇಲೆ ಹತ್ತೊಂಬತ್ತು ಬರತ್ತೇನಮ್ಮ ಕೋಪನ್‌ಹೇಗನ್‌ನಲ್ಲಿ?"

"ಅದು... ಅಚ್ಚಿನವರ ತಪ್ಪು."

ಗುನ್‌ಹಿಲ್ ತನ್ನ ಪ್ರತಿಯ ಹರಿದ ಅಂಚಿನ ಮೇಲೆ ಬೆರಳಾಡಿಸಿದಳು. "ಅಚ್ಚಿನ ಯಂತ್ರಕ್ಕೆ ಉಗುರು ಯಾವಾಗ ಬಂತು?"

 ಅರವತ್ತು ಕೈಗಳು ಪುಟ ತಿರುವಿದವು. ಎಲ್ಲರ ಪ್ರತಿಯಲ್ಲೂ ಅದೇ ಗಾಯ. ಭವನದಲ್ಲಿ ಎಂಥ ಮೌನ ಕವಿಯಿತೆಂದರೆ ಸಕ್ಕರೆ ಕರಗುವುದು ಕೇಳಿಸುತ್ತಿತ್ತು.

"ಕಾಫಿ ಬಿಸಿ ಮಾಡ್ಕೊಂಡು ಬರ್ತೀನಿ," ಎಂದು ತೂರಾ ಅಡುಗೆಮನೆಗೆ ಓಡಿದಳು. ಕೆಟಲಿಗೆ ಕೈ ಹಾಕುವಷ್ಟರಲ್ಲಿ ಬೆನ್ನ ಹಿಂದೆ ಯಾರೋ ಬಾಗಿಲು ಮುಂದೆ ಮಾಡಿದರು. ಏಸ್ಕಿಲ್. ಆ ಗಂಟಲಿನಿಂದ ಇಷ್ಟು ಸಣ್ಣ ಸ್ವರ ಹೊರಡಬಹುದೆಂದು ದೇವರಿಗೂ ಗೊತ್ತಿರಲಿಲ್ಲ.

"ತೂರಾ... ಆವತ್ತು ಹಂದಿ ದೊಡ್ಡಿಯಲ್ಲಿ ನಾನ್ ಹೇಳಿದ್ನಲ್ಲ, ಅದಾ ಹದಿನೇಳನೇ ಪುಟದಲ್ಲಿ ಇದ್ದಿದ್ದು? ಊರವ್ರು ಬೈತಾರೆ ಅಂತ ಸಹಿ ಹಾಳೆ ಹಿಡ್ಕೊಂಡು ತಿರುಗ್ದೆ, ನಂಗೇನೂ ಅವರ ಮೇಲೆ ಸಿಟ್ಟಿರ್ಲಿಲ್ಲ ಅಂದಿದ್ದು?"

"ಅದಲ್ಲ ಏಸ್ಕಿಲ್."

"ನಿಜ ಹೇಳು. ಗುನ್‌ಹಿಲ್‌ಗೆ ಗೊತ್ತಾದ್ರೆ ನಾನು ಮುಗಿದೆ."

ಅವನು ಹಣೆ ಒರೆಸಿಕೊಂಡು ಹೊರಗೆ ಹೋದ. ಅವನ ಹಿಂದೆಯೇ ಖಾಲಿ ತಟ್ಟೆ ಹಿಡಿದುಕೊಂಡು ಗುನ್‌ಹಿಲ್ ಬಂದಳು. 

"ಏಸ್ಕಿಲ್ ಏನ್ ಕೇಳ್ದ? ನನ್ ವಿಷ್ಯ ಹೇಳಿಲ್ಲ ತಾನೆ ನೀನು? ಮಕ್ಕಳಿದ್ರೆ ಶಾಲೆ ಮತ್ತೆ ತೆರೀತಿತ್ತು ಅಂತ ನಾನಂದಿದ್ದು... ಹದಿನೇಳರಲ್ಲಿ ಇರೋದು ಅದೇ ಅಲ್ವಾ? ಏಸ್ಕಿಲ್‌ಗೆ ತಿಳಿದ್ರೆ ನನ್ನನ್ನ ಈ ಅಡುಗೆಮನೆಯಿಂದ ಆಚೆ ಹಾಕ್ತಾನೆ ಕಣೇ."

ಆಮೇಲೆ ಇನ್ನಿಬ್ಬರು ಬಂದರು. ಆಮೇಲೆ ಒಬ್ಬ, ನೀರು ಕುಡಿಯುವ ನೆಪದಲ್ಲಿ. ಎಲ್ಲರದೂ ಒಂದೇ ಪಿಸುಮಾತು, ಒಂದೇ ನಡುಕ. ತೂರಾ ಅಂಕಿಗಳಲ್ಲಿ ಬರೆದಿದ್ದದ್ದು ಈಗ ಬೆವರು ಸುರಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಸಾಲುಗಟ್ಟಿತ್ತು. ಬರೆಯುವಾಗ ಅದು ಅವಳಿಗೆ ಸ್ವಾರಸ್ಯವೆನಿಸಿತ್ತು. ಈಗ ಅವಳು ಬಂದವರಿಗೆಲ್ಲ "ಅದಲ್ಲ" ಅನ್ನುತ್ತ ಹೋದಳು.

ಕೆಟಲಿ ಹಿಡಿದು ಅವಳು ಹೊರಬಂದಾಗ ಬೋಡಿಲ್, ತನ್ನ ಪ್ರತಿಯನ್ನೆಲ್ಲ ತಿರುವಿಯೂ ತನ್ನ ಮಾತು ಕಾಣದೆ, ಎದ್ದು ನಿಂತಿದ್ದಳು. ಎದ್ದರೂ ಮೇಜಿಗಿಂತ ಅಷ್ಟೇನೂ ಎತ್ತರವಿಲ್ಲದ ಮುದುಕಿ.

"ಕೊಡಮ್ಮ ಇಲ್ಲಿ, ನನ್ ಹಾಳೆ."

"ಬೋಡಿಲ್, ಬೇಡ," ತೂರಾ ಕೆಟಲಿ ಕೆಳಗಿಟ್ಟಳು. "ನನ್ನಿಂದ ತಪ್ಪಾಗಿದೆ. ನಿಮಗೆ ತೊಂದರೆ ಆಗಬಾರದು ಅಂತ..."

"ಕೊಡು ಅಂದೆ."

ತೂರಾ ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟಳು. ಮುದುಕಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು. ಗಟ್ಟಿಯಾಗಿ ಓದಿದಳು. ಕಪ್ಪು ರೊಟ್ಟಿಯ ಕೇಕು, ಕರಂಟ್ ಜಾಮ್, ಬೇಸರವಿರಲಿಲ್ಲ, ಹೆದರಿ ಸಹಿ ಹಾಕಿದೆ. ಒಂದಕ್ಷರ ಬಿಡಲಿಲ್ಲ. ಆಮೇಲೆ ಹಾಳೆ ತಿರುವಿದಳು.

"ಹಿಂದುಗಡೆ ಒಂದು ಲೆಕ್ಕ ಇದೆ. ಅರವತ್ತಮೂರು ಜನರಲ್ಲಿ ನಲವತ್ನಾಲ್ಕು ಜನ, ಅವರು ಬಂದ್ರೆ ನಮಗೇನೂ ತಕರಾರಿಲ್ಲ ಅಂದ್ರಂತೆ. ಆ ನಲವತ್ನಾಲ್ಕರಲ್ಲಿ ನಲವತ್ತೊಂದು ಜನ, ಊರಲ್ಲಿ ಹೀಗೆ ಅನ್ನೋದು ನಾನೊಬ್ನೇ, ನಾನೊಬ್ಳೇ ಅಂದ್ರಂತೆ."

ಅವಳು ಕೂತಳು.  ಪಕ್ಕದವರ ಮುಖ ನೋಡಲು ಪ್ರತಿಯೊಬ್ಬರೂ ಹೆದರುತ್ತಿದ್ದರು. ಬಾಗಿಲ ಬಳಿಯ ದಪ್ಪ ಮನುಷ್ಯನೊಬ್ಬ ಕುರ್ಚಿ ಹಿಂದಕ್ಕೆ ತಳ್ಳಿ, "ನಾನಂತೂ ಹಾಗನ್ಲಿಲ್ಲ, ಅನ್ನೋದೂ ಇಲ್ಲ," ಎಂದು ಕೋಟು ಹಾಕಿಕೊಂಡು ಹೊರನಡೆದ. ಇನ್ನೂ ಮೂವರು ಅವನ ಹಿಂದೆ ಹೋದರು. ಬಾಗಿಲು ಬಡಿದ ಸದ್ದಿಗೆ ಸಂಸ್ಥಾಪಕರ ಫೋಟೋ ಓರೆಯಾಯಿತು.

ಮೇಜಿನ ನಡುವೆ ಕಪ್ಪು ಕೇಕು. ಅದರ ಪಕ್ಕದಲ್ಲಿ ಚಾಕು. ಯಾರೂ ಮುಟ್ಟಲಿಲ್ಲ. ಒಂದು ನಿಮಿಷ ಕಳೆಯಿತು. ಆ ನಿಮಿಷದಲ್ಲಿ ತೂರಾ ಹತ್ತು ವರ್ಷ ಮುದುಕಿಯಾದಳೆಂದು ಹೇಳಿದರೆ ನಾನು ಕಡಿಮೆಯೇ ಹೇಳಿದಂತೆ. ಕೂಟ ಮುಗಿದ ಮೇಲೆ ಬೋಡಿಲ್ ಈ ಕೇಕನ್ನು ಇಡಿಯಾಗಿ ಎತ್ತಿಕೊಂಡು ಗಾಳಿಯಲ್ಲಿ ಒಬ್ಬಳೇ ಮನೆಗೆ ನಡೆಯುವುದು ಅವಳ ಕಣ್ಣಿಗೆ ಕಟ್ಟಿತು. ಅವಳು ಬಗ್ಗಿ ಮುದುಕಿಯ ಕಿವಿಯಲ್ಲಿ ಹೇಳಿದಳು: "ಕ್ಷಮಿಸಿ. ಆ ಕೇಕಿನ ಮಾತು ತೆಗೀಬೇಕಿತ್ತು. ನನಗೆ ಗೊತ್ತಾಗ್ಲಿಲ್ಲ."

ಬೋಡಿಲ್ ಅವಳನ್ನು ವಿಚಿತ್ರವಾಗಿ ನೋಡಿದಳು. "ನಂಗೆ ಗೊತ್ತಿತ್ತಲ್ಲ? ಜಾಮ್ ಮತ್ತೆ ಯಾಕೆ ತಿದ್ದಿ ಕಳಿಸ್ದೆ ಅಂದ್ಕೊಂಡೆ? ಬಾಯಲ್ಲಿ ಹೇಳೋ ಧೈರ್ಯ ಇರ್ಲಿಲ್ಲ. ಓದಿ ತಿಳ್ಕೊಳ್ಳಲಿ ಅಂತ ಬಿಟ್ಟಿದ್ದೆ. ನೀನ್ ನೋಡಿದ್ರೆ ಅದನ್ನೂ ಹರಿದು ಹಾಕ್ದೆ, ಪೆದ್ದಿ."

 ಹಾಳೆ ಹರಿಯುವ ಮುಂಚೆ ತೂರಾ ಬೋಡಿಲ್‌ಳನ್ನು ಒಂದು ಮಾತೂ ಕೇಳಿರಲಿಲ್ಲ. ಮುದುಕಿ ಹೆದರಿದ್ದಾಳೆಂದು ತಾನೇ ಊಹಿಸಿಕೊಂಡು ಚಿಲಕ ಹಾಕಿಕೊಂಡಿದ್ದಳು. ಈ ಊರು ಮಾಡಿದ್ದೂ ಅದನ್ನೇ. ಅರವತ್ತಮೂರರ ಪಕ್ಕಕ್ಕೆ ತನ್ನನ್ನೂ ಸೇರಿಸಿಕೊಳ್ಳಬೇಕಿತ್ತು.

ಆಗ ಏಸ್ಕಿಲ್ ಕೆಮ್ಮಿದ. ತನ್ನ ತಟ್ಟೆಯನ್ನು ಒಂದು ಗೇಣು ಮುಂದೆ ತಳ್ಳಿದ. "ಒಂದ್... ಒಂದು ತೆಳ್ಳಗಿನ ತುಂಡು."

"ತೆಳ್ಳಗೆ ಯಾಕೋ, ಪುಕ್ಕಲ?" ಗುನ್‌ಹಿಲ್ ಮೇಜಿನ ಮೇಲೆ ಬಗ್ಗಿದಳು. "ಹದಿನೇಳರಲ್ಲಿ ನಾನೂ ಇದ್ದೆ ಅಂದ್ಕೊಂಡು ಬೆವತಿದ್ದೆ ನಾನು. ನೀನೂ ಬೆವತಿದ್ದೆ, ಬಾಗಿಲ ಸಂದೀಲಿ ನೋಡ್ದೆ."

ಅವಳು ಚಾಕು ಎತ್ತಿದಳು. ಮೂವತ್ತು ವರ್ಷ ಆ ಮೇಜಿನಲ್ಲಿ ದಾರ ಹಿಡಿದಂತೆ ನೇರವಾಗಿ ಕೇಕು ಕತ್ತರಿಸಿದ ಕೈ ಅದು. ಇವತ್ತು ತುಂಡು ಓರೆಯಾಗಿ, ಒಂದು ಕಡೆ ದಪ್ಪ ಒಂದು ಕಡೆ ತೆಳುವಾಗಿ, ಏಸ್ಕಿಲ್‌ನ ತಟ್ಟೆಗೆ ಬಿತ್ತು. ಅವನು ತಲೆಯೆತ್ತದೆ ತಿಂದ. ಆಮೇಲೆ ಇನ್ನೊಂದು ತಟ್ಟೆ ಮುಂದೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು.  ಪುರಸಭೆಯ ಹೆಸರನ್ನು ಯಾರೂ ಎತ್ತಲಿಲ್ಲ. ಚಮಚಗಳ ಸದ್ದು ಮಾತ್ರ.

ಕೊನೆಗೆ ಒಂದು ತುಂಡು ಉಳಿಯಿತು. ಬೋಡಿಲ್ ಅದನ್ನು ತೂರಾಳ ತಟ್ಟೆಗೆ ಹಾಕಿದಳು.

"ತಿನ್ನು. ಹದಿನಾಲ್ಕನೇದು."