ಬೆಂಚಣ್ಣನ ಓಣಿ

ಅಳಿಯ ಎದುರುಮನೆಯ ಬಾಗಿಲು ಬಡಿಯುತ್ತಲೇ ಇದ್ದ. ಹೆಣ ಸಾಗಿಸುವ ವ್ಯಾನು ಓಣಿಯ ಬಾಯಲ್ಲೇ ನಿಂತುಬಿಟ್ಟಿತ್ತು. ಎರಡೂ ಬದಿಗೆ ಸಾಲುಗಟ್ಟಿದ್ದ ಕಾರುಗಳ ನಡುವೆ ಸೈಕಲ್ಲು ನುಗ್ಗುವುದೇ ಕಷ್ಟ.

“ಸ್ವಲ್ಪ ಗಾಡಿ ತೆಗೀರಿ ಸಾರ್. ನಮ್ಮ ಮಾವ ಹೋಗ್ಬಿಟ್ರು.”

“ಯಾರು, ಬೆಂಚಣ್ಣನಾ? ಛೆ ಛೆ! ತೆಗೀಬಹುದು, ಆದ್ರೆ ಎಲ್ಲಿ ನಿಲ್ಲಿಸ್ಲಿ ಹೇಳಿ?”

ಈಚೆ ಮನೆಯೊಳಗಿದ್ದ ಬಡಗಿ ಬೆಂಚಣ್ಣನ ಹೆಂಡತಿಗೆ ಅಷ್ಟೂ ಕೇಳಿಸುತ್ತಿತ್ತು. ಗಂಡನನ್ನು ಎರಡು ಬೆಂಚು ಜೋಡಿಸಿ ಮಲಗಿಸಿದ್ದರು. ಆ ಮನೆಯಲ್ಲಿ ಬೆಂಚಿಗೇನು ಬರ? ಮಂಚದಡಿಯಲ್ಲಿ, ಅಡುಗೆಮನೆಯ ಮೂಲೆಯಲ್ಲಿ, ಬಚ್ಚಲ ಗೋಡೆಗೆ ಒರಗಿಕೊಂಡು, ಎಲ್ಲೆಲ್ಲೂ ಅವೇ.

“ಬದುಕಿದ್ದಾಗ್ಲೂ ಈ ಕಾರುಗಳ ಜೊತೆ ಗುದ್ದಾಟ, ಈಗ್ಲೂ ಅದೇ,” ಎಂದಳು.

“ಸುಮ್ನಿರಮ್ಮ,” ಎಂದಳು ಮಗಳು.

*

ಓಣಿಯ ತುದಿಯಲ್ಲಿದ್ದ ನೂಲಿನ ಗಿರಣಿ ಮುಚ್ಚಿದ ಮೇಲೆ ಲಾರಿಗಳು ಬರುವುದು ನಿಂತು ರಸ್ತೆ ಬಿಕೋ ಎನ್ನತೊಡಗಿತ್ತು. ಕಸ ಸುರಿಯುವವರಿಗೆ ಅದೇ ಅನುಕೂಲವಾಯಿತು. ಬಡಗಿಯ ಕೈ ಸುಮ್ಮನಿರುವಂಥದ್ದಲ್ಲ. ಕಸ ಗುಡಿಸಿದ, ಗಿರಣಿಯವರು ಎಸೆದುಹೋದ ಹಲಗೆಗಳಿಂದ ಬೆಂಚು ಮಾಡಿ ನಡುರಸ್ತೆಗೆ ತಂದಿಟ್ಟ.

“ಮನೆಗೆ ಮಾರಿ, ಊರಿಗೆ ಉಪಕಾರಿ. ನಮ್ಮ ಬಾಗಿಲಿನ ಚಿಲಕ ಯಾವಾಗ ಸರಿಮಾಡ್ತೀರಿ?” ಎಂದು ಹೆಂಡತಿ ರೇಗಿದಳು.

“ಬಾಗ್ಲು ಹಾಕಿದ್ರೆ ತಾನೇ ಚಿಲಕ ಬೇಕಾಗೋದು? ಹೊರಗೆ ಬಾ, ಕೂತ್ಕೊ.”

ಮೊದಲು ಜನ ನಕ್ಕರು. ಆಮೇಲೆ ಕ್ಷೌರದಂಗಡಿಯವನು ಬಂದು ಕೂತ. ಹೆಂಗಸರು ತರಕಾರಿ ಹೆಚ್ಚುತ್ತ ಕೂತರು, ಮಕ್ಕಳು ಸಂಜೆಯಿಡೀ ಕೇಕೆ ಹಾಕಿದವು. ನಗರಸಭೆಯವರೂ ಬಂದು ಬೆನ್ನು ತಟ್ಟಿ, ಫೋಟೊ ಹೊಡೆಸಿಕೊಂಡು ಹೋದರು. ರೇಗಿದವಳೂ ದಿನಾ ಹೊರಗೆ ಕೂರುವುದನ್ನು ಕಲಿತಳು.

ಅಷ್ಟರಲ್ಲಿ ಎದುರುಮನೆಗೆ ಕಾರು ಬಂತು. “ಇದೊಂದು ರಾತ್ರಿ ನಿಲ್ಲಿಸ್ಕೊಳ್ತೀನಿ ಅಣ್ಣ,” ಎಂದ ಮನೆಯವನು. ಒಂದು ರಾತ್ರಿ ವಾರವಾಯಿತು, ಒಂದು ಕಾರು ನಾಲ್ಕಾಯಿತು. ಕೊನೆಗೆ ರಸ್ತೆ ಬೆಂಚಿಗೋ ಕಾರಿಗೋ ಎಂದು ಓಣಿಯವರೆಲ್ಲ ಸೇರಿ ಮಾತಿಗೆ ಕೂತರು, ಅದೂ ಅವನ ಬೆಂಚುಗಳ ಮೇಲೆಯೇ. ಬೆಂಚು ಇರಲಿ ಎನ್ನುವವರು ಕೈ ಎತ್ತಿ ಎಂದಾಗ ಎತ್ತಿದವನು ಬಡಗಿಯೊಬ್ಬನೇ. ಕ್ಷೌರದವನಿಗೆ ಕಾರಿನ ಗಿರಾಕಿಗಳು ಕೈತಪ್ಪುವ ಅಂಜಿಕೆ. ಹೆಂಡತಿಯ ಮನಸ್ಸಿನಲ್ಲಿದ್ದದ್ದು ಬೇರೆ: ಅಳಿಯ ಆಗಷ್ಟೇ ಕಾರು ಕೊಂಡಿದ್ದ, ಮಗಳು ಬಂದರೆ ಅದನ್ನು ಎಲ್ಲಿ ನಿಲ್ಲಿಸುವುದು? ಅವಳ ಕೈ ಮಡಿಲಲ್ಲೇ ಉಳಿಯಿತು.

ಅವನು ಅವಳನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು. ಬೆಂಚುಗಳನ್ನು ಒಂದೊಂದಾಗಿ ಒಳಗೆ ಹೊತ್ತು ತಂದ. ಮತ್ತೆಂದೂ ಹೊರಗೆ ಕೂರಲಿಲ್ಲ.

*

ಕಾರುಗಳು ಗೊಣಗುತ್ತಲೇ ಹಿಂದೆ ಸರಿದು ದೊಡ್ಡ ರಸ್ತೆಗೆ ಹೋದವು. ವ್ಯಾನು ಒಳಗೆ ಬಂತು. ದೂರದೂರಿನಿಂದ ಬಡಗಿಯ ತಂಗಿ ಬರುವವರೆಗೆ ಎಲ್ಲರೂ ಕಾಯಬೇಕಾಯಿತು. ಜನ ಮೊದಲು ನಿಂತರು, ನಿಂತು ನಿಂತು ಸುಸ್ತಾಗಿ ರಸ್ತೆಯಲ್ಲೇ ಕೂತರು. ಮಾತು ಮೆಲ್ಲಗೆ ಹುಟ್ಟಿಕೊಂಡಿತು. ಮಕ್ಕಳೆರಡು ಓಡಿದವು, ಯಾರೂ ಗದರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅವಳ ಬಳಿಗೆ ಎದುರುಮನೆಯವನು ಬಂದ. “ದೊಡ್ಡ ಮನುಷ್ಯ ಕಣಮ್ಮ. ಈ ಓಣಿಗೆ ಅವರ ಹೆಸರೇ ಇಡೋಣ.”

“ಹೆಸರು ಬೇಡಣ್ಣ. ನಾಳೆ ಬೆಂಚು ಹೊರಗೆ ಇಡ್ತೀನಿ. ಇಡ್ಲಾ?”

ಅವನು ಅಂಗೈಯಲ್ಲಿದ್ದ ಕಾರಿನ ಕೀಲಿಯನ್ನು ಅತ್ತಿತ್ತ ಹೊರಳಿಸಿದ.

“ಅದು... ಮಾತಾಡೋಣಮ್ಮ. ಎಲ್ಲಾ ಮುಗೀಲಿ.”

ಅವಳು ಅಳಿಯನ ಮುಖ ನೋಡಿದಳು. ಅವನು ಫೋನಿನಲ್ಲಿ ತಂಗಿಯ ಕಡೆಯವರಿಗೆ ದಾರಿ ಹೇಳುವುದರಲ್ಲಿ ಮುಳುಗಿದ್ದ.

ತಂಗಿ ಬಂದು ಅತ್ತಾಯಿತು. ವ್ಯಾನಿನಲ್ಲಿ ಹೆಂಡತಿ ಗಂಡನ ಕಾಲ ಬಳಿ ಕೂತಳು. ಗಾಡಿ ಓಣಿ ದಾಟಿ ದೊಡ್ಡ ರಸ್ತೆಗೆ ತಿರುಗುವಲ್ಲಿ ನಿಂತಿತು. ಹಿಂದಿನ ಗಾಜಿನಲ್ಲಿ ನೋಡಿದರೆ, ಕಾರುಗಳು ಆಗಲೇ ಒಂದರ ಹಿಂದೊಂದು ಒಳಗೆ ನುಗ್ಗುತ್ತಿದ್ದವು. ಕೂತಿದ್ದವರು ಬಟ್ಟೆ ಕೊಡವಿಕೊಂಡು ಗೋಡೆಗೆ ಸರಿದರು. ಮಂಡಿನೋವಿನ ಕ್ಷೌರದಂಗಡಿಯವನು ಮಾತ್ರ ಎದ್ದಿರಲಿಲ್ಲ. ಕಾರು ಅವನ ಮುಂದೆ ಬಂದು ನಿಂತು ಹಾರನ್ ಹೊಡೆಯಿತು, ಇನ್ನೊಮ್ಮೆ ಹೊಡೆಯಿತು. ಹಿಡಿದು ಏಳಲು ಅವನು ಸುತ್ತ ತಡಕಾಡಿದ. ಬೇರೇನೂ ಸಿಗದೆ, ಅದೇ ಕಾರಿನ ಬಿಸಿ ಬಾನೆಟ್ಟಿಗೆ ಎರಡೂ ಕೈಯೂರಿ, ಮೆಲ್ಲಗೆ ಎದ್ದ.